ಮಾರ್ಚ್ ಇಪ್ಪತ್ತೈದರೊಳಗೆ ಉತ್ತರಿಸಿ

ಸೇಂಟ್ ಜಾನ್ಸ್
ಜನವರಿ 14, 1994

ಪ್ರೀತಿಯ ಅಮ್ಮ,

ಈ ಕಾಗದವನ್ನು ಅಪ್ಪನ ಮುಂದೆ ಓದಬೇಡ. ಅಂಚೆ ಕಚೇರಿಯಿಂದ ಅವರೇ ತಂದಿರುತ್ತಾರೆ, ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೂ ನೋಡಿರುತ್ತಾರೆ. ಆದರೂ ಹೇಳುತ್ತಿದ್ದೇನೆ.

ನನ್ನನ್ನು ಒಂದು ಕೆಲಸಕ್ಕೆ ಕರೆದಿದ್ದಾರೆ. ಜಪಾನಿನಲ್ಲಿ. ದೊಡ್ಡವರಿಗೂ ಮಕ್ಕಳಿಗೂ ಇಂಗ್ಲಿಷ್ ಮಾತಾಡಲು ಕಲಿಸುವ ಒಂದು ಕಂಪನಿ ಅದು. ಊರೂರಿನಲ್ಲೂ ಅದಕ್ಕೆ ಶಾಖೆಗಳಿವೆಯಂತೆ. ನವೆಂಬರಿನಲ್ಲಿ ಇಲ್ಲಿ ಬಂದರಿನ ಹತ್ತಿರದ ಹೋಟೆಲಿನಲ್ಲಿ ಸಂದರ್ಶನ ನಡೆಸಿದ್ದರು. ಸಿಗುವುದಿಲ್ಲ ಎಂದುಕೊಂಡು ನಿನಗೆ ಬರೆಯಲಿಲ್ಲ.

ನನಗೆ ಕೊಟ್ಟಿರುವ ಊರಿನ ಹೆಸರು ಕುಶಿರೊ. ಗ್ರಂಥಾಲಯದಲ್ಲಿ ಭೂಪಟ ತೆಗೆದು ನೋಡಿದೆ. ಜಪಾನಿನ ಉತ್ತರದ ದ್ವೀಪದಲ್ಲಿದೆ, ಸಮುದ್ರಕ್ಕೆ ಮೈಯೊಡ್ಡಿಕೊಂಡಿದೆ. ಬೇಸಗೆಯೆಲ್ಲ ಮಂಜು ಕವಿದಿರುತ್ತದೆ, ಮುಖ್ಯ ಉದ್ಯೋಗ ಮೀನುಗಾರಿಕೆ ಎಂದು ಪುಸ್ತಕದಲ್ಲಿತ್ತು. ಓದಿ ನಗು ಬಂತು. ಕಟ್ಲರ್ಸ್ ಕೋವ್ ಬಿಟ್ಟು ಭೂಮಿಯ ಆ ತುದಿಗೆ ಹೋಗಿ ಇಳಿಯುವುದು ಇನ್ನೊಂದು ಕಟ್ಲರ್ಸ್ ಕೋವ್‌ನಲ್ಲಿ! ಒಂದು ವರ್ಷದ ಒಪ್ಪಂದ. ಮನೆ ಅವರೇ ಕೊಡುತ್ತಾರೆ. ಜೂನ್ ಒಂದಕ್ಕೆ ಕೆಲಸ ಶುರು. ಮಾರ್ಚ್ ಇಪ್ಪತ್ತೈದರೊಳಗೆ ಉತ್ತರಿಸಿ ಎಂದಿದ್ದಾರೆ.

ಒಂದು ಷರತ್ತಿದೆ. ಸಂದರ್ಶನ ಮಾಡಿದ ಶ್ರೀಮತಿ ಇವಾಕಿ ಕಾಗದದ ಕೊನೆಯಲ್ಲಿ ಕೈಬರಹದಲ್ಲಿ ಸೇರಿಸಿದ್ದಾರೆ: ‘ಬರುವ ಮೊದಲು ಹಕಾರವನ್ನು ಅಭ್ಯಾಸ ಮಾಡಿಕೊಳ್ಳುವುದು.’ ನನ್ನ ಹೆಸರನ್ನೇ ಒಂದು ವಾರ ಕನ್ನಡಿಯ ಮುಂದೆ ಹೇಳಿಕೊಂಡು ಹೋಗಿದ್ದೆ ಅಮ್ಮ. ಏಜಲ್ ಅಲ್ಲ, ಹೇಜಲ್. ಅದೊಂದು ಸರಿಯಾಗಿ ಬಂತು. ಆಮೇಲೆ ಬೆಳಗಿನ ತಿಂಡಿ ಏನು ಎಂದು ಕೇಳಿದರು. ಎಚ್ಚರ ಹೆಚ್ಚಾಗಿ ‘ಎಗ್’ ಎನ್ನುವುದರ ಬದಲು ‘ಹೆಗ್’ ಎಂದುಬಿಟ್ಟೆ. ಆಕೆಯ ಪೆನ್ಸಿಲ್ ಅಲ್ಲೇ ನಿಂತಿತು.

ನೀನು ಮೀನಿನ ಫ್ಯಾಕ್ಟರಿಯಲ್ಲಿದ್ದಾಗ ಪ್ರತಿ ಬೇಸಗೆ ಒಬ್ಬ ಜಪಾನಿ ಇನ್ಸ್‌ಪೆಕ್ಟರ್ ಬರುತ್ತಿದ್ದರಲ್ಲ, ಅವರು ಹೇಗಿದ್ದರು? ನಾನು ಆಗ ಓದು ಓದು ಎಂದು ಇಲ್ಲೇ ಇದ್ದುಬಿಟ್ಟೆ, ಒಂದು ಸಲವೂ ಅವರನ್ನು ನೋಡಲಿಲ್ಲ. ಅವರ ಜನ ಹೇಗೆ ಎಂದು ನನಗೆ ಹೇಳಬಲ್ಲವಳು ನೀನೊಬ್ಬಳೇ.

ಇಲ್ಲಿ ವಾರಕ್ಕೆ ಎರಡು ದಿನ ಬದಲಿ ಶಿಕ್ಷಕಿಯ ಕೆಲಸ ನಡೆಯುತ್ತಿದೆ. ಸೆಪ್ಟೆಂಬರಿನಲ್ಲಿ ಕಾಯಂ ಆಗಬಹುದು ಎಂದು ಹೆಡ್‌ಮಾಸ್ಟರ್ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಿನ್ನ
ಹೇಜಲ್


ಕಟ್ಲರ್ಸ್ ಕೋವ್
ಜನವರಿ 29, 1994

ಮಗಳೇ,

ನಿನ್ನ ಅಪ್ಪನಿಗೆ ಗೊತ್ತಾಯಿತು. ನಾನು ಹೇಳಲಿಲ್ಲ. ಕಾಗದ ಓದುತ್ತಾ ‘ಅಯ್ಯೋ ದೇವರೇ’ ಎಂದೆನಂತೆ. ಯಾರು ಸತ್ತರು ಎಂದು ಓಡಿ ಬಂದರು. ಯಾರೂ ಸತ್ತಿಲ್ಲ, ಜಪಾನ್ ಎಂದೆ. ಒಲೆಯ ಪಕ್ಕ ಕೂತು ಒಂದು ಪೈಪು ಪೂರ್ತಿ ಸೇದಿ ಮುಗಿಸಿ, “ಅಲ್ಲಿ ಇನ್ನೂ ಮೀನು ಸಿಗುತ್ತಾ, ಕೇಳು” ಎಂದರು. ಅವರಿಗೆ ಮೀನು ಎಂದರೆ ಕಾಡ್ ಒಂದೇ ಎಂದು ನಿನಗೆ ಗೊತ್ತಲ್ಲ. ಸರ್ಕಾರ ಅದನ್ನು ಹಿಡಿಯಬೇಡಿ ಎಂದು ದೋಣಿಗಳನ್ನು ದಡದಲ್ಲೇ ಕಟ್ಟಿಹಾಕಿಸಿ ಇದು ಎರಡನೆಯ ಚಳಿಗಾಲ. ಹಗಲೆಲ್ಲ ಬಲೆ ರಿಪೇರಿ ಮಾಡುತ್ತಾರೆ. ನೀರಿಗೆ ಇಳಿಯದ ಬಲೆಗೆ ಎಂಥ ರಿಪೇರಿ ಎಂದು ನಾನು ಕೇಳುವುದಿಲ್ಲ.

ಸುಗಾವಾರಾ ಎಂದು ಅವರ ಹೆಸರು. ನಾಲ್ಕು ಬೇಸಗೆ ಬಂದರು. ಡ್ರುಸಿಲ್ಲಾ ಚಿಕ್ಕಮ್ಮನ ಮನೆಯಲ್ಲಿ ಊಟ, ವಸತಿ. ನಮ್ಮ ಕೇಪ್ಲಿನ್ ಮೀನಿನಲ್ಲಿ ಮೊಟ್ಟೆ ತುಂಬಿದ ಹೆಣ್ಣು ಮಾತ್ರ ಅವರ ದೇಶಕ್ಕೆ ಬೇಕು. ನಾವು ಹೆಂಗಸರು ಮೀನು ಸಾಗುವ ಬೆಲ್ಟಿನ ಎರಡೂ ಕಡೆ ನಿಂತು ಹೆಣ್ಣು ಗಂಡು ಬೇರೆ ಮಾಡಬೇಕು. ಅವರು ಹಿಂದೆ ಕೈಕಟ್ಟಿಕೊಂಡು ಓಡಾಡುತ್ತಿದ್ದರು. ಮೊದಲ ವಾರ ನಮಗೆಲ್ಲ ಕೋಪ. ಒಂದು ದಿನ ಡ್ರುಸಿಲ್ಲಾ ತಿರುಗಿ, “ಏನಯ್ಯಾ, ನಾವು ಹುಟ್ಟಿದಾಗಿಂದ ಮೀನು ನೋಡ್ತಿದೀವಿ, ನೀನ್ಯಾಕೆ ಬೆನ್ನಿಗೆ ನಿಂತ್ಕೊಂಡು ಕಾಯ್ತೀಯ?” ಎಂದಳು. ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಕೋಟು ಬಿಚ್ಚಿ, ಅವಳ ಪಕ್ಕ ನಿಂತು, ತಾವೂ ಮೀನು ಆರಿಸತೊಡಗಿದರು. ಅವಳಿಗಿಂತ ಬೇಗ! ಅವತ್ತಿನಿಂದ ಯಾರೂ ತಕರಾರು ಮಾಡಲಿಲ್ಲ.

ನನ್ನನ್ನು ಸೆರೀನಾ ಸಾನ್ ಎನ್ನುತ್ತಿದ್ದರು, ಸಾನ್ ಎಂದರೆ ಅವರ ಕಡೆ ಮರ್ಯಾದೆಯ ಮಾತಂತೆ. ಸೆಲೀನಾ ಎನ್ನಲು ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ನನಗೆ ಹಕಾರ ಬರುವುದಿಲ್ಲ, ಅವರಿಗೆ ಲಕಾರ ಬರುವುದಿಲ್ಲ. ಇಬ್ಬರಿಗೂ ಸರಿಹೋಯಿತು. ಭಾನುವಾರದ ಊಟಕ್ಕೆ ಕರೆದಿದ್ದೆ. ಉಪ್ಪು ಹಾಕಿಟ್ಟ ದನದ ಮಾಂಸವನ್ನು ತುದಿಯಲ್ಲಿ ಮುಟ್ಟಿ ಪಕ್ಕಕ್ಕಿಟ್ಟರು. ಕೋಸಿನ ಸೊಪ್ಪು ಮೂರು ಸಲ ಹಾಕಿಸಿಕೊಂಡರು. ಬಾಗಿಲಲ್ಲಿ ಬೂಟು ಬಿಟ್ಟು ಬಂದದ್ದು ನೋಡಿ ನಿನ್ನ ಅಪ್ಪ ತಾವೂ ಎದ್ದು ಹೋಗಿ ಬಿಟ್ಟು ಬಂದರು. ನಾನು ಇಪ್ಪತ್ತಾರು ವರ್ಷ ಹೇಳಿದರೂ ಕೇಳದವರು.

ನನಗೆ ಗೊತ್ತಾಗಬೇಕಾದ್ದು ತುಂಬಾ ಇದೆ. ಕೇಳಿ ಬರೆ. ಅವರು ಆ ಸಣ್ಣ ಮೀನನ್ನು ಹೇಗೆ ಬೇಯಿಸುತ್ತಾರೆ, ತಲೆ ತೆಗೆಯುತ್ತಾರೋ ಇಲ್ಲವೋ? ನೆಲದ ಮೇಲೆ ಮಲಗಿದರೆ ಚಳಿ ಆಗುವುದಿಲ್ಲವೇ? ದೊಡ್ಡವರು ಯಾಕೆ ಇಂಗ್ಲಿಷ್ ಕಲಿಯುತ್ತಾರೆ? ಯಾರ ಜೊತೆ ಮಾತಾಡಲು? ಕಲಿತ ಮೇಲೆ ಅವರೂ ಊರು ಬಿಡುತ್ತಾರೋ?

ಹೋಗು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ.

ಕಾಯುತ್ತಿರುವ
ಅಮ್ಮ


ಸೇಂಟ್ ಜಾನ್ಸ್
ಫೆಬ್ರವರಿ 10, 1994

ಅಮ್ಮ,

ನಿನ್ನ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಸಿಕ್ಕಿದೆ. ತಲೆ ತೆಗೆಯುವುದಿಲ್ಲ. ಇಡೀ ಮೀನನ್ನು ಕೆಂಡದ ಮೇಲೆ ಸುಟ್ಟು, ತಲೆ ಬಾಲ ಮೊಟ್ಟೆ ಎಲ್ಲ ಒಟ್ಟಿಗೇ ತಿನ್ನುತ್ತಾರೆ. ಹೇಳಿದವಳು ಮಾರ್ಗೊ ಬೀಟನ್. ಅದೇ ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಕೇಪ್ ಬ್ರೆಟನ್‌ಗೆ ವಾಪಸು ಬಂದಿದ್ದಾಳೆ. ಪರಿಚಯದವರಿಂದ ವಿಳಾಸ ಪಡೆದು ಬರೆದಿದ್ದೆ, ಎಂಟು ಪುಟ ಉತ್ತರ ಬರೆದಳು.

ಪಾಠ ನಲವತ್ತು ನಿಮಿಷ. ಗಂಟೆ ಹೊಡೆಯುತ್ತದೆ, ಒಬ್ಬರು ಎದ್ದು ಹೋಗುತ್ತಾರೆ, ಇನ್ನೊಬ್ಬರು ಬಂದು ಕೂರುತ್ತಾರೆ, ಕ್ಷೌರದ ಅಂಗಡಿಯ ಹಾಗೆ. ಪುಸ್ತಕ ಬಿಟ್ಟು ಬೇರೆ ಹೇಳುವಂತಿಲ್ಲ. ಮ್ಯಾನೇಜರ್ ಹಿಂದೆ ಕೂತು ಬರೆದುಕೊಳ್ಳುತ್ತಾನೆ. “ನನಗೆ ಕಷ್ಟವಾದದ್ದು ಜಪಾನ್ ಅಲ್ಲ, ನಗು. ದಿನಕ್ಕೆ ಎಂಟು ಸಲ ಆಗಷ್ಟೇ ಪರಿಚಯವಾದವರ ಹಾಗೆ ನಗಬೇಕು” ಎಂದು ಬರೆದಿದ್ದಾಳೆ. ಆದರೆ ಮುಂದಿನ ಪುಟದಲ್ಲೇ, ಒಬ್ಬ ವಿದ್ಯಾರ್ಥಿನಿ ತನ್ನ ಗಂಡನಿಗೂ ಹೇಳದ ಸಂಗತಿಯನ್ನು ಮುರುಕು ಇಂಗ್ಲಿಷಿನಲ್ಲಿ ತನಗೆ ಹೇಳಿದಳೆಂದೂ, ಅದನ್ನು ಕೇಳಲಿಕ್ಕಾಗಿಯೇ ತಾನು ಅಷ್ಟು ದೂರ ಹೋಗಿದ್ದೆನೇನೋ ಎಂದೂ ಬರೆದಿದ್ದಾಳೆ. ಹೋಗಲೋ ಬೇಡವೋ ಎಂದು ಕೇಳಿದ್ದೆ. ಅದಕ್ಕೆ ಮಾತ್ರ ಉತ್ತರ ಬರೆದಿಲ್ಲ.

ಅಮ್ಮ, ಇನ್ನೊಂದು ವಿಷಯ. ನಿನಗೆ ಹೇಳದೆ ಸಹಿ ಮಾಡಲು ಆಗುತ್ತಿಲ್ಲ. ಅರ್ಜಿಯಲ್ಲಿ ತಂದೆ ತಾಯಿಯ ಉದ್ಯೋಗ ಬರೆಯಬೇಕಿತ್ತು. ಅಪ್ಪನದು ಹಡಗು ವ್ಯಾಪಾರ ಎಂದು ಬರೆದೆ. ನೀನು ಶಾಲಾ ಶಿಕ್ಷಕಿ ಎಂದು ಬರೆದೆ. ಇಂಗ್ಲಿಷ್ ಕಲಿಸುವವಳ ಮನೆಯಲ್ಲಿ ಒಳ್ಳೆಯ ಇಂಗ್ಲಿಷ್ ಇರಬೇಕು ಎಂದು ಅವರು ನೋಡುತ್ತಾರೇನೋ ಅನ್ನಿಸಿತು. ಸಂದರ್ಶನದಲ್ಲಿ ಅದೇ ಕೇಳಿದರು, “ನಿಮ್ಮ ತಾಯಿ ಏನು ಪಾಠ ಮಾಡ್ತಾರೆ?” ಓದುವುದನ್ನು ಎಂದೆ.

ಯಾಕೆ ಹೇಳಿದೆ ಎಂದು ಆಗ ಗೊತ್ತಿತ್ತು. ಈಗ ಬರೆಯಲು ಹೊರಟರೆ ಗೊತ್ತಾಗುತ್ತಿಲ್ಲ.

ಹೇಜಲ್


ಕಟ್ಲರ್ಸ್ ಕೋವ್
ಮಾರ್ಚ್ 2

ಹೇಜಲ್‌ಗೆ ಅಪ್ಪ ಬರೆಯುವುದು.

ನಿನ್ನ ಕಳೆದ ಕಾಗದಕ್ಕೆ ಇನ್ನೂ ಉತ್ತರ ಹೋಗಿಲ್ಲ ಎಂದು ಪೋಸ್ಟ್ ಆಫೀಸಿನ ಎಫಿ ಹೇಳಿದಳು. ಊರಿನಲ್ಲಿ ಯಾರು ಯಾರಿಗೆ ಬರೆಯುವುದಿಲ್ಲ ಎಂಬ ಲೆಕ್ಕವೂ ಅವಳ ಹತ್ತಿರ ಇರುತ್ತದೆ. ಅದಕ್ಕೇ ನಾನು ಕೂತೆ. ನನ್ನ ಅಕ್ಷರ ಕ್ಷಮಿಸು.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಫೆಬ್ರವರಿ ಕಾಗದವನ್ನು ನಿಂತುಕೊಂಡೇ ಓದಿದಳು. ಮಡಚಿದಳು. ಏನಂತೆ ಎಂದೆ. “ನೀವು ಹಡಗು ವ್ಯಾಪಾರ ಮಾಡ್ತೀರಂತೆ” ಎಂದಳು. ನನಗೆ ನಗು ತಡೆಯಲಿಲ್ಲ. ದೋಣಿಯೂ ಇತ್ತು, ಮಾರಾಟವೂ ಇತ್ತು, ಹುಡುಗಿ ಸುಳ್ಳೇನು ಹೇಳಿದಳು ಎಂದೆ. ಅವಳು ನಗಲಿಲ್ಲ. ಕೋಟು ಹಾಕಿಕೊಂಡು ಚರ್ಚಿನ ಹಾಲ್‌ಗೆ ಹೋದಳು.

ಆ ಹಾಲ್‌ನಲ್ಲಿ ಈಗ ಶಾಲೆ. ಫ್ಯಾಕ್ಟರಿ ಮುಚ್ಚಿತಲ್ಲ, ಸರ್ಕಾರದ ಸಹಾಯ ಬೇಕಾದವರು ಮತ್ತೆ ಓದಬೇಕು ಎಂದು ನಿಯಮ. ನಾನು ಸ್ವಂತ ದೋಣಿಯವನು, ನನಗೆ ಬೇರೆ ಪಟ್ಟಿ. ನಿನ್ನ ಅಮ್ಮ ಜನವರಿಯಿಂದ ಹೋಗುತ್ತಿದ್ದಾಳೆ. ನಿನಗೆ ಹೇಳಿಲ್ಲ ಎಂದು ಮೊನ್ನೆ ಗೊತ್ತಾಯಿತು. ಐವತ್ತೆರಡು ವರ್ಷಕ್ಕೆ ಮೂರನೆಯ ತರಗತಿಯ ಪುಸ್ತಕ ಹಿಡಿದು ಹೋಗುತ್ತೇನೆ ಎಂದು ಮಗಳಿಗೆ ಹೇಗೆ ಬರೆಯುವುದು ಎಂದಳು.

ಅವಳು ಕೋಪ ಮಾಡಿಕೊಂಡಿದ್ದಾಳೆ ಎಂದು ನನಗೆ ಅನ್ನಿಸುವುದಿಲ್ಲ. ಕೋಪ ಬಂದರೆ ಅವಳು ನೆಲ ತಿಕ್ಕುತ್ತಾಳೆ. ನೆಲ ಹಾಗೇ ಇದೆ.

ಬಂದರಿನಲ್ಲಿ ಎರಡು ಸೀಲ್ ಕಂಡವು. ಗಾಳಿ ಈಶಾನ್ಯದಿಂದ.

ಅಪ್ಪ, ಓಬೆಡ್ ವೋಕಿ


ಕಟ್ಲರ್ಸ್ ಕೋವ್
ಮಾರ್ಚ್ 9, 1994

ಹೇಜಲ್,

ಅಪ್ಪ ಬರೆದದ್ದು ಎಫಿಯಿಂದ ಗೊತ್ತಾಯಿತು. ಆದ್ದರಿಂದ ಈಗ ಶಾಲೆಯ ಸುದ್ದಿ ನಿನಗೆ ಗೊತ್ತು.

ಹದಿನಾಲ್ಕು ಜನ ಇದ್ದೇವೆ. ಟೀಚರ್ ಒಂಟಾರಿಯೊದ ಹುಡುಗಿ, ನಿನಗಿಂತ ಚಿಕ್ಕವಳು, ಕೆನ್ನೆ ಕೆಂಪು, ಒಳ್ಳೆಯವಳು. ಮೊದಲನೆಯ ವಾರ ಹೆಡ್ಲಿ ಮಾವನನ್ನು ಎಬ್ಬಿಸಿ ಓದಿಸಿದಳು. ಎಂಬತ್ತು ಮೈಲಿ ದೂರದ ಮಂಜಿನಲ್ಲಿ ದೋಣಿಯನ್ನು ವಾಸನೆ ಹಿಡಿದು ಮನೆಗೆ ತರುವ ಮನುಷ್ಯ. ಎದ್ದು ನಿಂತು ‘ಔಸ್’ ಎಂದು ಓದಿದ. “ಔಸ್ ಅಲ್ಲ, ಹೌಸ್” ಎಂದಳು. ಔಸ್ ಎಂದ. “ಹೌಸ್, ಉಸಿರು ಬಿಡಿ.” ಆತ ಉಸಿರು ಬಿಟ್ಟ. ಪುಸ್ತಕ ಮಡಚಿ ಮೇಜಿನ ಮೇಲಿಟ್ಟು, “ನನ್ ಮನೇನ ನಾನೇ ಕಟ್ಟಿದ್ದು ಕಣಮ್ಮಾ. ಅದ್ರೊಳಗೆ ನಲವತ್ತು ವರ್ಷದಿಂದ ಇದೀನಿ. ಅದನ್ನ ಏನಂತ ಕರೀಬೇಕೂಂತ ನಂಗೊತ್ತು” ಎಂದು ಹೊರಟೇಹೋದ. ಮತ್ತೆ ಬರಲಿಲ್ಲ. ಆ ಹುಡುಗಿ ಕೋಟು ಹಾಕುವ ಕೋಣೆಯಲ್ಲಿ ನಿಂತು ಅತ್ತಳು. ನಾನು ಚಹಾ ಕೊಟ್ಟೆ. “ನಾನೇನು ತಪ್ಪು ಮಾಡಿದೆ?” ಎಂದು ಕೇಳಿದಳು. ತಪ್ಪೇನಿಲ್ಲ, ಮುಂದಿನ ಸಲ ಮೊದಲು ಮನೆ ಎಲ್ಲಿದೆ ಅಂತ ಕೇಳು, ಆಮೇಲೆ ಅದರ ಉಚ್ಚಾರ ಹೇಳಿಕೊಡು ಎಂದೆ.

ನಾನು ಹೋಗುತ್ತಿದ್ದೇನೆ. ನನಗೆ ಹಿಡಿಸಿದೆ. ಯಾರಿಗೂ ಹೇಳಬೇಡ.

ನಿನ್ನ ಅರ್ಜಿಯ ವಿಷಯ. ಮೂರು ವಾರ ಅದನ್ನು ಏನು ಮಾಡಬೇಕು ಎಂದು ತಿಳಿಯಲಿಲ್ಲ. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೈಯಲು ಬಾಯಿ ಬರುವುದಿಲ್ಲ, ಯಾಕೆಂದರೆ ನಾನೂ ಒಂದು ಸುಳ್ಳು ಹೇಳಿದ್ದೇನೆ, ಅದೂ ಇದೇ ಜಾತಿಯದು.

ಸುಗಾವಾರಾ ಕೊನೆಯ ಸಲ ಬಂದದ್ದು ತೊಂಬತ್ತೊಂದರಲ್ಲಿ. ಅವರ ಕಂಪನಿ ನಮ್ಮ ಬೆಲ್ಟಿನ ಇಬ್ಬರು ಹೆಂಗಸರನ್ನು ಮೂರು ತಿಂಗಳ ಮಟ್ಟಿಗೆ ಜಪಾನಿಗೆ ಕರೆಸಿಕೊಂಡು ಅಲ್ಲಿಯ ಕೆಲಸ ತೋರಿಸಬೇಕು ಎಂದಿತ್ತು. ಅವರು ಮೊದಲು ಬರೆದುಕೊಟ್ಟದ್ದು ನನ್ನ ಹೆಸರು. ಕಾಗದ ಬಂತು. ಹನ್ನೊಂದು ದಿನ ಅದನ್ನು ಹಿಟ್ಟಿನ ಡಬ್ಬದಲ್ಲಿ ಇಟ್ಟುಕೊಂಡಿದ್ದೆ. ದಿನಾ ಹಿಟ್ಟು ಕೊಡವಿ ಓದುತ್ತಿದ್ದೆ. ನಿನ್ನ ಅಪ್ಪನಿಗೆ ಹೇಳಿದಾಗ, “ಹೋಗಿ ಬಾ, ನಾನು ಬ್ರೆಡ್ಡು ಮಾಡೋದು ಕಲೀತೀನಿ” ಎಂದರು. ನಿಜವಾಗಿಯೂ ಒಂದು ಬ್ರೆಡ್ಡು ಮಾಡಿದರು. ಡ್ರುಸಿಲ್ಲಾಳ ನಾಯಿ ಕೂಡ ಮೂಸಲಿಲ್ಲ.

ಒಪ್ಪಿದ್ದೇನೆ ಎಂದು ಹೇಳಲು ಫೋರ್‌ಮನ್ ಹತ್ತಿರ ಹೋದೆ. ಆತ ಎಲ್ಲರ ಮುಂದೆ, “ಸೆಲೀನಾ, ನೀನು ಬಾಯಿ ಬಿಟ್ರೆ ಟೊರಾಂಟೊದವ್ರಿಗೇ ತಿಳಿಯಲ್ಲ, ಜಪಾನಿಗೆ ಹೋಗಿ ಏನ್ ಮಾಡ್ತೀಯೇ? ವಿಮಾನದಲ್ಲಿ ನೀರು ಕೇಳಿದ್ರೆ ಬೀರು ತಂದ್ಕೊಡ್ತಾರೆ” ಎಂದ. ತಮಾಷೆಗೇ ಎಂದದ್ದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಓಬೆಡ್‌ಗೆ ಬೆನ್ನುನೋವು, ಬಿಟ್ಟು ಹೋಗಲಾರೆ ಎಂದೆ. ನಿನ್ನ ಅಪ್ಪನ ಬೆನ್ನಿಗೆ ಇವತ್ತಿನವರೆಗೂ ಏನೂ ಆಗಿಲ್ಲ. ನನ್ನ ಬದಲು ಡ್ರುಸಿಲ್ಲಾಳ ನಾದಿನಿ ಹೋದಳು. ವಾಪಸು ಬಂದು ಒಂದು ಬೀಸಣಿಗೆ ತೋರಿಸಿದಳು, ಹೆಚ್ಚೇನೂ ಹೇಳಲಿಲ್ಲ. ನಾನಾಗಿದ್ದರೆ ಎಷ್ಟು ಹೇಳುತ್ತಿದ್ದೆ! ಅವಳು ತಲೆ ತೆಗೆಯುತ್ತಾರೋ ಇಲ್ಲವೋ ಎಂದೂ ಕೇಳಿಕೊಂಡು ಬಂದಿರಲಿಲ್ಲ.

ಇದನ್ನು ಓದಿ, ಅಮ್ಮ ಹೋಗಲಿಲ್ಲ, ನಾನಾದರೂ ಹೋಗಬೇಕು ಎಂದುಕೊಂಡರೆ ನಾನು ಮಾತಾಡಿಸುವುದಿಲ್ಲ. ನನ್ನ ಪ್ರಯಾಣವನ್ನು ನೀನು ಮಾಡಲಾಗುವುದಿಲ್ಲ. ನಿನಗೇ ಬೇಕಿದ್ದರೆ ಹೋಗು, ಬೇಡವಾದರೆ ಬಿಡು. ಆದರೆ ಆ ಅರ್ಜಿ ತಿದ್ದು. ನನಗೋಸ್ಕರ ಅಲ್ಲ. ಅಲ್ಲಿ ಯಾರಾದರೂ ನಿನ್ನ ಊರು, ಮನೆ, ಅಮ್ಮ ಎಂದು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಇಲ್ಲದ ಒಬ್ಬ ಶಿಕ್ಷಕಿಯನ್ನು ನೀನು ವರ್ಷಪೂರ್ತಿ ಸಾಕಬೇಕಾಗುತ್ತದೆ.

ನಿನ್ನ ಅಮ್ಮ,
ಸೆಲೀನಾ ವೋಕಿ, ಮೂರನೆಯ ಪುಸ್ತಕ, ಹನ್ನೆರಡನೆಯ ಪಾಠ


ಸೇಂಟ್ ಜಾನ್ಸ್
ಮಾರ್ಚ್ 26, 1994

ಅಮ್ಮ,

ನಿನ್ನ ಕಾಗದ ಬಂದ ದಿನವೇ ನಾನು ಓದಿದ ಕಾಲೇಜಿನ ಕಚೇರಿಗೆ ಹೋಗಿ ಫ್ಯಾಕ್ಸ್ ಕಳಿಸಿದೆ. ತಂದೆ ಮೀನುಗಾರ, ಈಗ ಕೆಲಸವಿಲ್ಲ. ತಾಯಿ ಮೀನಿನ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ, ಈಗ ವಿದ್ಯಾರ್ಥಿನಿ. ಮೊದಲು ಬರೆದದ್ದು ಸುಳ್ಳು, ನೀವು ಕರೆದದ್ದನ್ನು ಹಿಂದೆ ತೆಗೆದುಕೊಂಡರೆ ನನಗೆ ಅರ್ಥವಾಗುತ್ತದೆ. ಇಷ್ಟೇ. ಬರೆಯಲು ಒಂದು ಮಧ್ಯಾಹ್ನ ಹಿಡಿಯಿತು.

ಎಂಟು ದಿನ ಸುದ್ದಿಯಿಲ್ಲ. ಆ ಎಂಟು ದಿನದಲ್ಲಿ ನನಗೆ ಒಂದು ವಿಚಿತ್ರ ಗೊತ್ತಾಯಿತು. ಕೆಲಸ ಕೈತಪ್ಪಿತು ಎಂದುಕೊಂಡ ಮೇಲೂ ನಾನು ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಕುಶಿರೊದ ಜೌಗು ನೆಲದಲ್ಲಿ ಕೊಕ್ಕರೆಗಳು ಜೋಡಿಯಾಗಿ ಕುಣಿಯುತ್ತವಂತೆ, ಅದರ ಚಿತ್ರ ಹುಡುಕುತ್ತಿದ್ದೆ. ಅವರ ಅಕ್ಷರಗಳಲ್ಲಿ ಇಪ್ಪತ್ತು ಕಲಿತೆ. ಯಾರೂ ಬಾ ಎನ್ನದಿದ್ದರೂ ಆ ಊರು ಹೇಗಿರುತ್ತದೆ ಎಂದು ತಿಳಿಯಬೇಕಿತ್ತು. ಇಲ್ಲಿಯವರೆಗೆ ನಾನು ಯೋಚಿಸಿದ್ದೆಲ್ಲ ಇಲ್ಲಿಂದ ಹೊರಡುವುದನ್ನು ಮಾತ್ರ. ಅಲ್ಲಿಗೆ ಹೋಗುವುದನ್ನು ಯೋಚಿಸಿರಲೇ ಇಲ್ಲ.

ಇಪ್ಪತ್ತೆರಡಕ್ಕೆ ಉತ್ತರ ಬಂತು. ಹಾಗೇ ಬರೆಯುತ್ತೇನೆ: ‘ತಿದ್ದುಪಡಿಯನ್ನು ಫೈಲಿಗೆ ಸೇರಿಸಲಾಗಿದೆ. ನಿಮ್ಮ ಪಾದದ ಅಳತೆ ತಿಳಿಸಿ. ಒಳಗೆ ಹಾಕುವ ಚಪ್ಪಲಿ ದೊಡ್ಡ ಅಳತೆಯದು ಇಲ್ಲಿ ಸಿಗದಿರಬಹುದು, ತರುವುದು ಒಳ್ಳೆಯದು. ಹಕಾರದ ಅಭ್ಯಾಸ ಮುಂದುವರಿಸಿ. ಇವಾಕಿ.’

ಎರಡು ಸಲ ಓದಿದೆ. ನಾನು ಅಷ್ಟು ದಿನ ಹೊತ್ತು ತಿರುಗಿದ್ದು ಅವರಿಗೆ ಚಪ್ಪಲಿಯಷ್ಟೂ ಮುಖ್ಯವಾಗಿರಲಿಲ್ಲ. ಕಚೇರಿಯ ಹೆಂಗಸು ನನ್ನ ನಗು ನೋಡಿ ಒಳ್ಳೆಯ ಸುದ್ದಿಯಾ ಎಂದು ಕೇಳಿದಳು. ನಗುತ್ತಾ ಕಣ್ಣೊರೆಸಿಕೊಂಡೆ, ಅವಳಿಗೆ ಗಾಬರಿಯಾಯಿತು.

ಇಪ್ಪತ್ನಾಲ್ಕಕ್ಕೆ ಸಹಿ ಮಾಡಿ ಕಳಿಸಿದೆ. ನಿನ್ನ ಬದಲು ಹೋಗುತ್ತಿಲ್ಲ, ಪ್ರಮಾಣ. ಈಸ್ಟರ್‌ಗೆ ಮನೆಗೆ ಬರುತ್ತೇನೆ. ಬಂದಾಗ ನಿನ್ನ ಪುಸ್ತಕ ನೋಡಬೇಕು. ಅಪ್ಪ ಬ್ರೆಡ್ಡು ಮಾಡಬಾರದು.

ಹೇಜಲ್


ಕುಶಿರೊ
ಜುಲೈ 12, 1994

ಪ್ರೀತಿಯ ಅಮ್ಮ,

ಮಂಜು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಹಡಗಿನ ಸೈರನ್ನು ಕೇಳಿ ಎದ್ದಾಗ, ಯಾವ ಊರಿನಲ್ಲಿದ್ದೇನೆ ಎಂದು ನೆನಪಾಗಲು ಒಂದು ಗಳಿಗೆ ಬೇಕು. ನೆಲದ ಮೇಲೆ ಮಲಗಿದರೆ ಚಳಿಯಾಗುವುದಿಲ್ಲ, ಹಾಸಿಗೆ ದಪ್ಪ ಇರುತ್ತದೆ. ಮಾರ್ಗೊ ಹೇಳಿದ್ದು ಸರಿ, ನಗುವುದೇ ಕಷ್ಟ. ಸಂಜೆ ಕೆನ್ನೆ ನೋಯುತ್ತದೆ. ಎರಡನೆಯ ವಾರ ಸ್ನಾನದ ಮನೆಯಲ್ಲಿ ಕೂತು ಒಂದು ಸಲ ಅತ್ತೆ. ಅದಾದ ಮೇಲೆ ಪರವಾಗಿಲ್ಲ.

ಮಂಗಳವಾರ ಸಂಜೆಯ ತರಗತಿಯಲ್ಲಿ ಹನ್ನೊಂದು ಜನ. ಎಲ್ಲರೂ ದೊಡ್ಡವರು. ಮ್ಯಾನೇಜರ್ ತಾನಿಗುಚಿ ಹಿಂದಿನ ಕುರ್ಚಿಯಲ್ಲಿ ಕೂತು ಬರೆದುಕೊಳ್ಳುತ್ತಾರೆ. ಮೊನ್ನೆ ಪಾಠದ ಹೆಸರು ‘ಚಳಿಗಾಲ’. ಪುಸ್ತಕದಲ್ಲಿ ಒಂದು ಗಂಡು, ಒಂದು ಹೆಣ್ಣು, ಹಿಮದ ಮೇಲೆ ಜಾರುವ ಚಿತ್ರ. ಕುದೊ ಎನ್ನುವ ಎಪ್ಪತ್ತು ವರ್ಷದ ಅಜ್ಜ ಇದ್ದಾರೆ, ಆಯುಷ್ಯವೆಲ್ಲ ಮೀನಿನ ಹಡಗಿನಲ್ಲಿ ಕಳೆದವರು. ಐದಾರು ವಾರದಲ್ಲಿ ಬಾಯಿ ಬಿಟ್ಟವರಲ್ಲ. ಅವತ್ತು ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಬೋರ್ಡಿನ ಮೇಲೆ ಸಮುದ್ರ ಬರೆದರು, ಬಂಡೆ ಬರೆದರು. ಬಂಡೆಗೆ ಅಲೆ ಹೊಡೆದು ಹೊಡೆದು ಅಂಚಿನಲ್ಲಿ ಗಟ್ಟಿಯಾಗುತ್ತದಲ್ಲ, ಆ ಮಂಜುಗಡ್ಡೆಯನ್ನು ಬರೆದು ಅದರ ಮೇಲೆ ಬೆರಳಿಟ್ಟು, “ಟೀಚರ್, ಇದು?” ಎಂದರು.

ಪುಸ್ತಕದಲ್ಲಿ ಮಂಜುಗಡ್ಡೆಗೆ ಒಂದೇ ಮಾತು, ಐಸ್. ನನ್ನ ಬಾಯಿಂದ ಯೋಚಿಸುವ ಮೊದಲೇ ಬಂತು, “ಬ್ಯಾಲಿಕ್ಯಾಟರ್.”

ಅವರ ಮುಖ ನೀನು ನೋಡಬೇಕಿತ್ತು. ಅದಕ್ಕೊಂದು ಹೆಸರಿದೆಯೇ ಎಂದು ಬಹುಶಃ ಬಹಳ ವರ್ಷದಿಂದ ಕೇಳಬೇಕೆಂದಿದ್ದರು. ಹನ್ನೊಂದು ಜನವೂ ಒಟ್ಟಿಗೆ ಹೇಳಿದರು, “ಬಾರಿಕಾತಾ.” ತಾನಿಗುಚಿ ಬರೆಯುವುದನ್ನು ನಿಲ್ಲಿಸಿ, ಎದ್ದು ಹೋಗಿ ದೊಡ್ಡ ನಿಘಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಹುಡುಕಿದರು. ಮತ್ತೆ ಹುಡುಕಿದರು.

“ಈ ಮಾತು ಇಲ್ವಲ್ಲ, ಮಿಸ್ ವೋಕಿ.”

“ಇದೆ.”

“ಯಾರು ಹೇಳಿದ್ದು?”

“ನಮ್ಮಮ್ಮ.”

ಪುಸ್ತಕ ಬಿಟ್ಟು ಬೇರೆ ಹೇಳಿದ್ದಕ್ಕೆ ಈಗ ಬೈಗುಳ ಬೀಳುತ್ತದೆ ಎಂದುಕೊಂಡೆ. ಅವರು ನಿಘಂಟು ಮುಚ್ಚಿ, ಜೇಬಿನಿಂದ ತಮ್ಮ ಸಣ್ಣ ಪುಸ್ತಕ ತೆಗೆದು, “ಹಾಗಾದ್ರೆ ಸ್ಪೆಲ್ಲಿಂಗ್ ಹೇಳಿ” ಎಂದರು.

ನನಗೆ ಗೊತ್ತಿರಲಿಲ್ಲ ಅಮ್ಮ. ಜೀವಮಾನದಲ್ಲಿ ಅದನ್ನು ಬರೆದದ್ದು ನಾನು ನೋಡಿಯೇ ಇಲ್ಲ. ಅಷ್ಟರಲ್ಲಿ ಕುದೊ ಅಜ್ಜ ತಾನಿಗುಚಿಯವರ ಮೂಲಕ ಇನ್ನೂ ಕೇಳತೊಡಗಿದರು. ಬಂಡೆಗೆ ಅಂಟಿದ್ದಕ್ಕೆ ಮಾತ್ರ ಆ ಹೆಸರೋ, ದೋಣಿಯ ಮೈಗೆ ಹಿಡಿದದ್ದಕ್ಕೂ ಅದೇ ಹೆಸರೋ? ವಸಂತದಲ್ಲಿ ಕಳಚಿ ತೇಲಿದರೆ ಆಗ ಅದನ್ನು ಏನೆನ್ನಬೇಕು? ಅದರ ಮೇಲೆ ಕಾಲಿಡಬಹುದೋ, ಇಡಬಾರದೋ? ನಿನಗೆ ಯಾರು ಹೇಳಿಕೊಟ್ಟರು, ಅಜ್ಜಿಯೋ? ಹೆಡ್ಲಿ ಮಾವನನ್ನೂ ಕೇಳು, ಅಪ್ಪನನ್ನೂ ಕೇಳು. ಆದರೆ ಸ್ಪೆಲ್ಲಿಂಗೂ ಉತ್ತರವೂ ನಿನ್ನ ಕೈಬರಹದಲ್ಲೇ ಇರಲಿ, ಅವರಿಗೆ ಅದನ್ನೇ ತೋರಿಸುತ್ತೇನೆ ಎಂದಿದ್ದೇನೆ.

ಬೇಗ ಬರೆ. ಹನ್ನೊಂದು ಜನವೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಖಾಲಿ ಬಿಟ್ಟುಕೊಂಡು ಕೂತಿದ್ದಾರೆ.

ನಿನ್ನ
ಹೇಜಲ್